ಅಬ್ಬಾರ ಉದ್ರಿ ಪುಸ್ತಕ

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. 1968ರಲ್ಲಿ ಅಲ್ಲೇ ಎಸಿಸಿ ಸಿಮೆಂಟ್ ಕಾರ್ಖಾನೆ ಬಂತು. ರೈಲು, ಕಾರ್ಖಾನೆ, ಕಲ್ಲಿನ ಗಣಿಗಳನ್ನು ನಂಬಿ ಶಹಾಬಾದ್, ಚಿತ್ತಾಪುರ, ಸೇಡಂನಿಂದ ಚಿಂಚೋಳಿಯವರೆಗೂ ರಸ್ತೆಯ ಅಂಚಿನಲ್ಲಿ ಚಹಾದಂಗಡಿ, ಪಂಕ್ಚರ್ ಅಂಗಡಿ, ಫರ್ಸಿ ಕಲ್ಲಿನ ರಾಶಿಗಳು ಬೆಳೆದವು.

ಶಹಾಬಾದ್ ರಸ್ತೆಯಲ್ಲಿ ನಮ್ಮ ಅಬ್ಬಾರದೂ ಒಂದು ಚಹಾದಂಗಡಿ. ತಗಡಿನ ಛಾವಣಿ, ಕೂರಲು ಫರ್ಸಿ ಕಲ್ಲಿನ ಕಟ್ಟೆ. ಗಣಿಯವರು, ಲಾರಿಯವರು ಉದ್ರಿ ಕುಡಿದು ಪಗಾರದ ದಿನ ಚುಕ್ತಾ ಮಾಡುತ್ತಿದ್ದರು. ಆಮೇಲೆ ಮನೆಮನೆಗೂ ಟೈಲ್ಸ್ ಬಂತು. ಪಾಲಿಶ್ ಯಂತ್ರಗಳ ಸದ್ದು ಕಡಿಮೆಯಾಯಿತು. 2009ರಲ್ಲಿ ರಸ್ತೆ ಅಗಲವಾಗಿ ಅಂಗಡಿಯೂ ಹೋಯಿತು. ಊರೊಳಗಿನ ಹೊಸ ಕಾಂಪ್ಲೆಕ್ಸಿನಲ್ಲಿ ಮಳಿಗೆ ಕೇಳಿದೆವು. ಡಿಪಾಜಿಟ್ ನಮ್ಮ ಕೈಗೆ ಎಟುಕಲಿಲ್ಲ.

ಉದ್ರಿ ಬಾಕಿಯನ್ನಾದರೂ ವಸೂಲಿ ಮಾಡೋಣವೆಂದು ನಾವು ಮಕ್ಕಳು ಹೊರಟೆವು.

"ಅವರ ಗಣಿನೂ ಬಂದ್ ಆಗ್ಯಾವ. ಯಾವ ಮುಖ ಇಟ್ಕೊಂಡು ಕೇಳ್ತೀರಿ?" ಎಂದರು ಅಬ್ಬಾ.

ಸಮೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವವರೆಗೆ ಪಟ್ಟಣದ ಬೀದಿ ವ್ಯಾಪಾರಿಗಳನ್ನು ಎಬ್ಬಿಸಬಾರದೆಂದು 2014ರ ಕಾಯ್ದೆ ಹೇಳುತ್ತದೆ. ಅಬ್ಬಾರ ಪಾಲಿಗೆ ಅದು ಐದು ವರ್ಷ ತಡವಾಗಿ ಬಂತು.

ರಸ್ತೆ ಅಗಲವಾಗಬಾರದೆಂದು ನಾವು ಹೇಳುವುದಿಲ್ಲ. ನಾವೂ ಈಗ ಅದೇ ಕಾಂಪ್ಲೆಕ್ಸಿನಲ್ಲಿ ಸಾಮಾನು ಕೊಳ್ಳುತ್ತೇವೆ. ಆದರೆ ಅಲ್ಲಿ ಕೈ ಬರಿದಾದವನಿಗೆ ಒಂದು ಕಪ್ ಚಹಾ ಉದ್ರಿ ಕೊಡುವವರಿಲ್ಲ. ಅಬ್ಬಾರ ಪುಸ್ತಕವನ್ನು ನಾವಿನ್ನೂ ಎಸೆದಿಲ್ಲ.