ದಿಗ್ವ್ರತದ ಗೆರೆಯೂ ಹಿಮಾಲಯದ ದಾರಿಯೂ

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳು ಆಷಾಢದ ಅಷ್ಟಾಹ್ನಿಕ ಪರ್ವಕ್ಕೆಂದು ರಾಯದುರ್ಗಕ್ಕೆ ಬಂದಿದ್ದಳು. ಒಂದು ಸಂಜೆ ಅಂಗಡಿಗೆ ಬಂದು, ಗಲ್ಲಾಪೆಟ್ಟಿಗೆಯ ಮೇಲೆ ಒಂದು ನಕ್ಷೆಯನ್ನು ಹರಡಿದಳು. "ಅಪ್ಪಾಜಿ, ಅಕ್ಟೋಬರಿನಲ್ಲಿ ನಾವು ನಾಲ್ವರು ಗೆಳತಿಯರು ಇಲ್ಲಿಗೆ ಚಾರಣ ಹೋಗಬೇಕೆಂದಿದ್ದೇವೆ. ನೀವೂ ಬನ್ನಿ. ಏರ್ಪಾಟೆಲ್ಲ ನೀವೇ ನೋಡಿಕೊಳ್ಳಬೇಕು" ಎಂದಳು.

ಅದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿರುವ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ನಕ್ಷೆ. ಸುಮಾರು 754 ಚದರ ಕಿಲೋಮೀಟರಿನ ಕಾಡು, ಹುಲ್ಲುಗಾವಲು, ಹಿಮಶಿಖರ. ಹಿಮಚಿರತೆ, ಕಸ್ತೂರಿ ಮೃಗ, ಕಂದು ಕರಡಿ, ಮತ್ತು ಅಲ್ಲಿನವರು 'ಜುಜುರಾಣಾ' ಎಂದು ಕರೆಯುವ ಅಪರೂಪದ ಹಕ್ಕಿಯ ನೆಲೆ. ಒಳಗೆ ಮೋಟಾರು ರಸ್ತೆಯಿಲ್ಲ, ಅಂಗಡಿಯಿಲ್ಲ. 2014ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನಗೂ ಆಸೆಯಾಯಿತು. ಆದರೆ ಮಗಳು ಮರೆತಿದ್ದ ಒಂದು ಸಂಗತಿ ನನಗೆ ನೆನಪಿತ್ತು. ಹನ್ನೆರಡು ವರ್ಷಗಳ ಹಿಂದೆ ಮುನಿಗಳ ಸನ್ನಿಧಿಯಲ್ಲಿ ನಾನು ದಿಗ್ವ್ರತ ಸ್ವೀಕರಿಸಿದ್ದೆ. ಪೂರ್ವಕ್ಕೆ ಸಮ್ಮೇದ ಶಿಖರಜಿ, ಪಶ್ಚಿಮಕ್ಕೆ ಗಿರನಾರ್, ದಕ್ಷಿಣಕ್ಕೆ ಕನ್ಯಾಕುಮಾರಿ, ಉತ್ತರಕ್ಕೆ ಹಸ್ತಿನಾಪುರ. ಉತ್ತರಕ್ಕೆ ಹಸ್ತಿನಾಪುರವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಅದು ಶಾಂತಿನಾಥ ಸ್ವಾಮಿಯ ಜನ್ಮಭೂಮಿ. ನಮ್ಮ ರಾಯದುರ್ಗದಲ್ಲಿ 1355ರಲ್ಲಿ, ಒಂದನೆಯ ಹರಿಹರನ ಕಾಲದಲ್ಲಿ, ಶಾಂತಿನಾಥ ಜಿನೇಶ್ವರರನ್ನು ಪ್ರತಿಷ್ಠಾಪಿಸಿದವನು ಭೋಗರಾಜನೆಂಬ ವ್ಯಾಪಾರಿ. ವ್ಯಾಪಾರಿಯ ಮಗನಾದ ನನಗೆ ಆ ಶಾಸನದ ಮೇಲೆ ಅಭಿಮಾನ. ಮೇಲ್ಮುಖವಾಗಿ ಶಿಖರಜಿಯ ಎತ್ತರವೇ ನನ್ನ ಮಿತಿ, ಸುಮಾರು 1,365 ಮೀಟರು. ಈ ಉದ್ಯಾನವೋ ಹಸ್ತಿನಾಪುರದಿಂದ ಬಹಳ ಉತ್ತರಕ್ಕಿದೆ. ಅದರ ಬಾಗಿಲೇ ಶಿಖರಜಿಗಿಂತ ಎತ್ತರದಲ್ಲಿದೆ.

ವ್ಯಾಪಾರಿಯ ಬುದ್ಧಿ ನೋಡಿ, ಕೂಡಲೇ ಚೌಕಾಸಿಗೆ ಇಳಿಯಿತು. ಕನ್ಯಾಕುಮಾರಿಯ ಕಡೆ ನನಗೇನೂ ಕೆಲಸವಿಲ್ಲ. ದಕ್ಷಿಣದ ಮಿತಿಯನ್ನು ಶ್ರವಣಬೆಳಗೊಳಕ್ಕೇ ಮೊಟಕುಗೊಳಿಸಿ, ಉಳಿದದ್ದನ್ನು ಉತ್ತರಕ್ಕೆ ಜಮಾ ಮಾಡಿಕೊಂಡರೆ ಹೇಗೆ? ಈ ಲೆಕ್ಕ ಹಿಡಿದುಕೊಂಡು ಮಡಕಶಿರಾಕ್ಕೆ, ಮಾವನವರ ಬಳಿಗೆ ಹೋದೆ. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಆದರೂ ಧರ್ಮದ ಸಂದೇಹ ಬಂದರೆ ನಾನು ಹೋಗುವುದು ಅಲ್ಲಿಗೇ.

ಮಾವನವರು ನನ್ನ ಮಾತನ್ನು ಪೂರ್ತಿ ಕೇಳಿ, ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ತೆರೆದರು. ದಿಗ್ವ್ರತಕ್ಕೆ ಐದು ಅತಿಚಾರಗಳು. ಮೇಲಿನ ಮಿತಿ ದಾಟುವುದು ಒಂದು. ಅದಕ್ಕೆ ಪೂಜ್ಯಪಾದಾಚಾರ್ಯರು ಕೊಟ್ಟ ಉದಾಹರಣೆಯೇ ಪರ್ವತ ಹತ್ತುವುದು! ಲೋಭದಿಂದ ಎಲ್ಲೆಯನ್ನು ಹಿಗ್ಗಿಸಬೇಕೆನ್ನುವ ಮನಸ್ಸು ಇನ್ನೊಂದು. ಅದಕ್ಕೆ ಕ್ಷೇತ್ರವೃದ್ಧಿ ಎಂದು ಹೆಸರು. "ದಕ್ಷಿಣದಲ್ಲಿ ನೀವು ಬಿಡುವುದು ನಿಮಗೆ ಬೇಡವಾದದ್ದನ್ನು, ಉತ್ತರದಲ್ಲಿ ಕೇಳುವುದು ಬೇಕಾದದ್ದನ್ನು. ಇದು ತ್ಯಾಗವೇ ಅಳಿಯಂದಿರೇ?" ಎಂದು ನಕ್ಕರು. ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಮಗಳ ಮುಖ ಸಣ್ಣದಾಯಿತು. "ನೀವು ಹೋಗದೆ ಹುಡುಗಿಯರನ್ನಷ್ಟೇ ಹೇಗೆ ಕಳಿಸೋದು?" ಎಂದು ನನ್ನ ಮನೆಯವರು ಕೇಳಿದರು. ವ್ರತ ನನ್ನದು, ಅವಳದಲ್ಲ. ನನ್ನ ಗೆರೆಯಿಂದ ಅವಳ ಕಾಲು ಕಟ್ಟುವುದು ನ್ಯಾಯವಲ್ಲ ಎನಿಸಿತು. ಹೋಗದವನೇ ಏರ್ಪಾಟು ಮಾಡುವುದೆಂದು ತೀರ್ಮಾನಿಸಿ, ಹಳೆಯ ಖಾತೆ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಬರೆಯತೊಡಗಿದೆ. ನಮ್ಮ ಬಂಧುಗಳ ಮಕ್ಕಳಿಗೂ ಉಪಯೋಗವಾದೀತೆಂದು ಅದನ್ನಿಲ್ಲಿ ಕೊಡುತ್ತಿದ್ದೇನೆ.

ಕಾಲ: ಮಳೆಗಾಲ ಬೇಡ. ಮುನಿಗಳೇ ಒಂದೆಡೆ ನಿಲ್ಲುವ ಆ ದಿನಗಳಲ್ಲಿ ಅಲ್ಲಿ ಗುಡ್ಡ ಕುಸಿಯುತ್ತದೆ, ದಾರಿ ಜಾರುತ್ತದೆ. ದಶಲಕ್ಷಣ ಪರ್ವ ಮುಗಿದು ದೀಪಾವಳಿಯ ವ್ಯಾಪಾರ ಏರುವ ಮೊದಲಿನ ದಿನಗಳು ಒಳ್ಳೆಯವು. ಆದರೆ ವಿಜಯದಶಮಿಯಿಂದ ಏಳು ದಿನ ಕುಲ್ಲು ದಸರೆಯ ಜನಸಂದಣಿ. ಆ ವಾರ ತಪ್ಪಿಸಬೇಕು.

ದಾರಿ: ಔಟ್‌ನಿಂದ ಬಂಜಾರ್ ಮೂಲಕ ಗುಶೈಣಿ. ಅಲ್ಲಿಂದ ತೀರ್ಥನ್ ಹೊಳೆಯ ಪಕ್ಕದಲ್ಲೇ ನಡೆದು ರೋಲಾ, ಬಳಿಕ ಕಡಿದಾದ ಏರು ಹತ್ತಿ ಶಿಲ್ಟ್. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹೆಜ್ಜೆಯಿಡಬಾರದು. ರೋಲಾದಿಂದ ಶಿಲ್ಟ್‌ಗೆ ಸುಮಾರು ಸಾವಿರ ಮೀಟರು ಏರಬೇಕು. ಆದ್ದರಿಂದ ರೋಲಾದಲ್ಲಿ ಎರಡು ರಾತ್ರಿ ತಂಗುವುದೆಂದು ಬರೆದೆ. ತಲೆನೋವು, ವಾಂತಿ ಬಂದು ಹೆಚ್ಚುತ್ತಿದ್ದರೆ ಹಟ ಮಾಡದೆ ಕೆಳಗಿಳಿಯುವುದೇ ಮದ್ದು.

ಉಡುಪು: ಚರ್ಮದ ಬೂಟು ಬೇಡ. ಬೆಚ್ಚನೆಯ ಕೋಟುಗಳಲ್ಲೂ ಮಲಗುವ ಚೀಲಗಳಲ್ಲೂ ಬಾತುಕೋಳಿಯ ಪುಕ್ಕ ತುಂಬಿರುತ್ತಾರೆಂದು, ಬಟ್ಟೆ ವ್ಯಾಪಾರಿಯಾದ ನನಗೂ ಈಗಲೇ ತಿಳಿದದ್ದು. ಪಾಲಿಯೆಸ್ಟರ್ ತುಂಬಿದ್ದೂ ಸಿಗುತ್ತದೆ. ತೂಕ ತುಸು ಹೆಚ್ಚು, ಅಷ್ಟೆ. ಔಷಧಿಯೂ ಜೆಲಟಿನ್ ಕ್ಯಾಪ್ಸೂಲ್ ಆಗದೆ ಮಾತ್ರೆಯ ರೂಪದಲ್ಲಿರಲೆಂದು ವೈದ್ಯರನ್ನು ಕೇಳಿದೆವು.

ಆಹಾರ: ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಗಡಲೆ, ಬೆಲ್ಲ, ಅವಲಕ್ಕಿ. ಅಡುಗೆಯವರಿಗೆ ಈರುಳ್ಳಿ, ಆಲೂಗಡ್ಡೆ ಬೇಡವೆಂದು ಮುಂಚೆಯೇ ಹೇಳಬೇಕು. ಕಣಿವೆಯಲ್ಲಿ ಸೂರ್ಯ ಬೇಗ ಗುಡ್ಡದ ಮರೆಗೆ ಸರಿಯುತ್ತಾನೆ, ಕಣ್ಣಂದಾಜು ಸಾಲದು. ಅಕ್ಟೋಬರಿನ ನಡುವಿನಲ್ಲಿ ಸೂರ್ಯಾಸ್ತ ಸುಮಾರು 5.50ಕ್ಕೆ, ಎರಡು ಘಳಿಗೆ ಮೊದಲು, ಅಂದರೆ ಐದಕ್ಕೇ ಊಟ ಮುಗಿಯಬೇಕು. ಹಾಗಾಗಿ ಮಧ್ಯಾಹ್ನ ಮೂರರೊಳಗೆ ಬಿಡಾರ ಸೇರಬೇಕು. ಕತ್ತಲಲ್ಲಿ ನಡೆಯುವ ಅಪಾಯವೂ ಇದರಿಂದಲೇ ತಪ್ಪಿತು.

ನೀರಿನ ಮಾತು ಬಂದಾಗ ಮಗಳು ತಡವರಿಸಿದಳು. ಎತ್ತರದ ಒಣಗಾಳಿಗೆ ಮೈಯ ನೀರು ಬೇಗ ಆರುತ್ತದೆ. ಅವಳು ಬಿಟ್ಟಿರುವುದು ರಾತ್ರಿಯ ಊಟವನ್ನು ಮಾತ್ರ, ನೀರನ್ನಲ್ಲ. ಆದರೂ ಅಜ್ಜಿಯ ಹಾಗೆ ನೀರನ್ನೂ ಬಿಡಬೇಕೆಂಬ ಆಸೆ. "ಬೇಡಮ್ಮ. ವ್ರತ ಶಕ್ತಿಯನ್ನು ನೋಡಿ ಹಿಡಿಯಬೇಕಾದದ್ದು. ಹಗಲಲ್ಲೇ ಸೋಸಿ ಕಾಯಿಸಿಟ್ಟುಕೋ, ರಾತ್ರಿ ಬೇಕಾದಾಗ ಕುಡಿ" ಎಂದೆ. ನೀರು ಸೋಸಿದ ಬಟ್ಟೆಯನ್ನು ಅದೇ ಹೊಳೆಯಲ್ಲಿ ಅದ್ದಿ, ಜೀವಗಳನ್ನು ಅವುಗಳ ಮನೆಗೇ ಬಿಡುವುದನ್ನು ಅವಳಿಗೆ ಹೇಳಿಕೊಡಬೇಕಾಗಲಿಲ್ಲ.

ಈ ಟಿಪ್ಪಣಿ ಬರೆಯುವಾಗ ಇನ್ನೊಂದು ವಿಷಯ ಓದಿದೆ. 1984ರಲ್ಲಿ ಉದ್ಯಾನದ ಮೊದಲ ಅಧಿಸೂಚನೆ ಬಂತು, 1999ರಲ್ಲಿ ಕೊನೆಯದು. ಅಲ್ಲಿಂದ ಸುತ್ತಲಿನ ಹಳ್ಳಿಗರು ಕುರಿ ಮೇಯಿಸುವ, ಗಿಡಮೂಲಿಕೆ ಆಯುವ ಹಕ್ಕು ಬಿಟ್ಟುಕೊಡಬೇಕಾಯಿತು. ಹಳೆಯ ದಾಖಲೆಯಲ್ಲಿ ಹೆಸರಿದ್ದವರಿಗೆ ಪರಿಹಾರ ಸಿಕ್ಕಿತು. ಹೆಸರಿಲ್ಲದ ಬಡವರಿಗೆ ಕಷ್ಟವಾಯಿತು. ಅಭಯಾರಣ್ಯವೆಂದರೆ ಮನುಷ್ಯನ ನಡೆಗೆ ಎಳೆದ ಗೆರೆ. ಅದರಾಚೆಯ ಜೀವಗಳಿಗೆ ಅದು ಅಭಯದಾನ. ಈಚೆಯಲ್ಲಿ ಯಾರೋ ಅದರ ಬೆಲೆ ತೆರುತ್ತಾರೆ. ಆ ಹಳ್ಳಿಗರು ಕೇಳದೆ ಬಂದ ಗೆರೆಗೆ ಅಷ್ಟು ತೆತ್ತರು. ನಾನೇ ಕೇಳಿ ಎಳೆದುಕೊಂಡ ಗೆರೆಗೆ ಇಷ್ಟು ಗೊಣಗುವುದೇ ಎಂದು ನಾಚಿಕೆಯಾಯಿತು. ಕೂಲಿಯಲ್ಲಿ ಚೌಕಾಸಿ ಮಾಡಬೇಡವೆಂದು ಮಗಳಿಗೆ ಹೇಳಿ, ಅದನ್ನೂ ಪಟ್ಟಿಯಲ್ಲಿ ಬರೆದೆ.

ಈಗ ಅವಳು ಊರಿಗೆ ಬಂದಾಗಲೆಲ್ಲ ಬೆಳಿಗ್ಗೆ ನಾವಿಬ್ಬರೂ ರಾಯದುರ್ಗದ ಕೋಟೆ ಬೆಟ್ಟ ಹತ್ತುತ್ತೇವೆ. ಅವಳ ಬೆನ್ನಿಗೆ ಚೀಲ, ಅದರಲ್ಲಿ ಅಂಗಡಿಯ ತೂಕದ ಕಲ್ಲು. ಬಂಡೆಗಳಲ್ಲಿ ಕೊರೆದ ಜಿನಬಿಂಬಗಳಿಗೆ ಕೈಮುಗಿದು ಸ್ವಲ್ಪ ಕೂರುತ್ತೇವೆ. ಮೊನ್ನೆ ಅವಳು ಕೇಳಿದಳು: "ಅಪ್ಪಾಜಿ, ನಿಮಗೆ ಬೇಜಾರಿಲ್ಲವೇ?"

"ಇದೆಯಮ್ಮ" ಎಂದೆ. ಬೇಜಾರಿಲ್ಲವೆಂದಿದ್ದರೆ ಸುಳ್ಳಾಗುತ್ತಿತ್ತು, ಸತ್ಯಾಣುವ್ರತಕ್ಕೂ ಭಂಗ. "ನೀನು ಬಂದು ಎಲ್ಲ ಹೇಳು, ಕೇಳುತ್ತೇನೆ."