ಅಪ್ಪನಿಗೊಂದು ಮೋಟಾರು ಕಟ್ಟಿದ ಸೈಕಲ್ಲು

ಅಮೆರಿಕಕ್ಕೆ ಮಗನ ಮನೆಗೆ ಬರುವ ಅಪ್ಪ-ಅಮ್ಮಂದಿರ ಪಾಡು ಇಲ್ಲಿರುವ ನಿಮಗೆಲ್ಲ ಗೊತ್ತೇ ಇದೆ. ಆರು ತಿಂಗಳು, ನಾಲ್ಕು ಗೋಡೆ, ಒಂದು ಟಿವಿ. ನಮ್ಮಪ್ಪನಿಗೀಗ 71. ಅರಸೀಕೆರೆ ಕಡೆಯ ಹಳ್ಳಿ ಶಾಲೆಗಳಿಗೆ ಮೂವತ್ತು ವರ್ಷ ಸೈಕಲ್ ತುಳಿದ ಮೇಷ್ಟ್ರು. ಈಗ ಮಂಡಿನೋವು. ಸನ್ನಿವೇಲ್‌ನ ನಮ್ಮ ಮನೆಯಿಂದ ಲೈಬ್ರರಿಗೆ ಮೂರು ಕಿಲೋಮೀಟರ್. ನಡೆಯೋಕೆ ದೂರ, ಕಾರು ಓಡಿಸೋಕೆ ಬರಲ್ಲ. "ಊಟ ಚೆನ್ನಾಗಿರೋ ಜೈಲು ಕಣೋ ಇದು" ಅಂದರು ಒಂದಿನ. ನಗಲಿಲ್ಲ. ವಾಪಸ್ ಟಿಕೆಟ್ ಬೇಗ ಮಾಡಿಸು ಅಂತಲೂ ಶುರುವಾಗಿತ್ತು.

ಸರಿ, ಸೈಕಲ್ಲಿಗೆ ಮೋಟಾರು ಕಟ್ಟೋಣ ಅಂತ ಹೊರಟೆ. ಪೆಟ್ರೋಲ್ ಎಂಜಿನ್ನಿನ ಕಿಟ್ ಇಲ್ಲಿ ಹಳೇ ಹುಚ್ಚು. ವಿಝರ್ ಎಂಬ ಕಿಟ್ 1939ರಲ್ಲೇ ಬಂದಿತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಲೈಸೆನ್ಸು, ರಿಜಿಸ್ಟ್ರೇಷನ್ನು ಎರಡೂ ಬೇಕು. ವಿದ್ಯುತ್ ಮೋಟಾರಾದರೆ 750 ವಾಟ್ ಒಳಗಿದ್ದು, ಪೆಡಲ್ ಕೆಲಸ ಮಾಡುತ್ತಾ, ಗಂಟೆಗೆ 20 ಮೈಲಿಗೆ ಮೋಟಾರು ಸುಮ್ಮನಾದರೆ ಯಾವ ಲೈಸೆನ್ಸೂ ಬೇಡ. ಅಲ್ಲಿಗೆ ಆ ಪ್ರಶ್ನೆ ಮುಗೀತು.

ನಿಜವಾದ ತಲೆನೋವು ಸೈಕಲ್ ಆರಿಸೋದು. ಕ್ರೂಸರ್ ಅಂದರೆ ಅಗಲ ಸೀಟು, ಎತ್ತರದ ಹ್ಯಾಂಡಲ್, ದಪ್ಪ ಟೈರು. ಶ್ವಿನ್ ಕಂಪನಿ 1933ರಲ್ಲಿ ತಂದ 2.125 ಇಂಚಿನ ಬಲೂನ್ ಟೈರಿನ ವಂಶ ಇದು. ಬೆನ್ನು ನೆಟ್ಟಗೆ ಇಟ್ಟುಕೊಂಡು ರಾಜರ ಥರ ಕೂರಬಹುದು. ಆದರೆ ಮೋಟಾರು ಹಾಕುವವರು ನೋಡಬೇಕಾದ್ದು ಬ್ರೇಕು. ಎಷ್ಟೋ ಕ್ರೂಸರ್‌ಗಳಲ್ಲಿ ಕೈಬ್ರೇಕೇ ಇರೋಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಮಾತ್ರ ನಿಲ್ಲುತ್ತೆ. 1970ರ ದಶಕದಲ್ಲಿ ಇಲ್ಲೇ ಮರಿನ್ ಬೆಟ್ಟಗಳಲ್ಲಿ ಹುಡುಗರು ಹಳೇ ಕ್ರೂಸರ್ ಹತ್ತಿ ಇಳಿಜಾರಿಗೆ ಬಿಡುತ್ತಿದ್ದರು. ಕೆಳಗೆ ಬರೋಷ್ಟರಲ್ಲಿ ಈ ಬ್ರೇಕಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತಂತೆ. ಆ ದಾರಿಯ ಹೆಸರೇ ರಿಪ್ಯಾಕ್! ಇನ್ನೊಂದು ವಿಷಯ. ಮೋಟಾರು ಕಿಟ್ಟಿನ ಬ್ರೇಕ್ ಲಿವರಿನಲ್ಲಿ ಒಂದು ಸ್ವಿಚ್ ಇರುತ್ತೆ, ಹಿಡಿದ ಕೂಡಲೇ ಮೋಟಾರು ನಿಲ್ಲುತ್ತೆ. ಲಿವರೇ ಇಲ್ಲದ ಸೈಕಲ್ಲಿಗೆ ಇದೆಲ್ಲಿಂದ ಬರಬೇಕು? ಹಾಗಾಗಿ ಹಿಂದೆ ಮುಂದೆ ಎರಡೂ ಕಡೆ ಕೈಬ್ರೇಕ್ ಇರೋದೇ ಆಗಬೇಕು ಅಂತ ಹಟ ಹಿಡಿದೆ.

ಆಮೇಲೆ ಫೋರ್ಕು. ನಾನು ಹಾಕುವುದು ಮುಂದಿನ ಚಕ್ರದ ಹಬ್ ಮೋಟಾರು. ಅದು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ಲು ಹಿಂದಕ್ಕೆ ತಿರುಚಿಕೊಂಡು ಫೋರ್ಕಿನ ತುದಿಯನ್ನು ಹಿಗ್ಗಿಸೋಕೆ ನೋಡುತ್ತೆ. ಅಲ್ಯುಮಿನಿಯಂ ಆದರೆ ಒಮ್ಮೆಲೇ ಸೀಳಬಹುದು. ಸ್ಟೀಲೇ ಬೇಕು, ಜೊತೆಗೆ ಆಕ್ಸಲ್ಲು ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮು. ಅಂಗಡಿಗೆ ಫ್ರಿಜ್ ಮೇಲಿನ ಆಯಸ್ಕಾಂತ ಕಿತ್ತುಕೊಂಡು ಹೋಗಿದ್ದೆ. ಒಂದೊಂದೇ ಫೋರ್ಕಿಗೆ ಅಂಟಿಸಿ ನೋಡುತ್ತಿದ್ದರೆ ಅಂಗಡಿಯವನು ಹತ್ತಿರವೇ ಬರಲಿಲ್ಲ :-)

ಇಷ್ಟೆಲ್ಲ ಮುಗಿಸಿ ನಾನು ಆರಿಸಿದ್ದು ನಡುವೆ ಬಾರ್ ಇಲ್ಲದ, ಪೆಡಲ್ ಸ್ವಲ್ಪ ಮುಂದಕ್ಕಿರುವ ಸೈಕಲ್. ಸೀಟಿನಲ್ಲಿ ಕೂತೇ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬಹುದು. ಮಂಡಿಯೂ ಹೆಚ್ಚು ಮಡಚಬೇಕಿಲ್ಲ. ಅಪ್ಪ ನೋಡಿದ್ದೇ, "ಇದು ಲೇಡೀಸ್ ಸೈಕಲ್ ಅಲ್ವೇನೋ?" ಅಂದರು. ಕಾಲು ಎತ್ತಿ ದಾಟಿಸೋದು ಬೇಡ ಅಂತ ತಂದೆ ಅಂದರೆ, "ಬಾರ್ ಇಲ್ದೆ ನಿನ್ನನ್ನ ಎಲ್ಲಿ ಕೂರಿಸ್ಕೋತಿದ್ದೆ?" ಅಂತ ತಿರುಗಿಸಿ ಕೇಳಿದರು. ನಾನೇನು ಹೇಳಲಿ! ಎರಡನೇ ಕ್ಲಾಸಿನ ತನಕ ಆ ಬಾರಿನ ಮೇಲೆ ಟವೆಲ್ ಸುತ್ತಿಕೊಂಡು ಶಾಲೆಗೆ ಹೋದವನು ನಾನು. ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ಅವರೇ ಹೋಗಿ ಕೂತು, ಪಾದ ಊರಿ, ಇಳಿದು, ಮತ್ತೆ ಹತ್ತಿ ನೋಡಿದರು. "ಪರವಾಗಿಲ್ಲ" ಅಂದರು. ಮೇಷ್ಟ್ರ ಬಾಯಲ್ಲಿ ಅದು ಫಸ್ಟ್ ಕ್ಲಾಸು.

ಈಗ ಬೆಳಿಗ್ಗೆ ಹತ್ತಕ್ಕೆ ಹೆಲ್ಮೆಟ್ ಹಾಕಿಕೊಂಡು ಲೈಬ್ರರಿಗೆ ಹೊರಡುತ್ತಾರೆ. ಶನಿವಾರ ದೇವಸ್ಥಾನ. ಹೋಗುವಾಗ ತುಳಿಯುತ್ತಾರಂತೆ, ಬರುವಾಗ ಮೋಟಾರಂತೆ.

ಒಂದು ಮಾತ್ರ ಬಾಕಿ. ಐದು ವರ್ಷದ ಮಗಳು ಬಂದು "ತಾತಾ, ನಾನೆಲ್ಲಿ ಕೂರೋದು?" ಅಂತ ಕೇಳಿದಳು. ಕ್ಯಾರಿಯರ್ ಮೇಲೆ ಬ್ಯಾಟರಿ ಇದೆ. ಮುಂದೆ ಬಾರ್ ಇಲ್ಲ. ಅಪ್ಪ ನನ್ನ ಮುಖ ನೋಡಿದರು.