ಮರಾಠಿ ರಂಗದಿಂದ ಬಂದ ಶಂಕರಣ್ಣ



ಸೆಪ್ಟೆಂಬರ್ 30 ನಮ್ಮ ಕಡೆಯವರು ಮರೆಯುವ ದಿನವಲ್ಲ. 1993ರಲ್ಲಿ ಆ ದಿನದ ನಸುಕಿಗೆ, ಗಣೇಶನನ್ನು ಕಳಿಸಿ ಬಂದು ಮಂದಿ ಮಲಗಿದ್ದಾಗ, ಕಿಲ್ಲಾರಿಯ ನೆಲ ನಡುಗಿತು. ಔಸಾ, ಉಮರ್ಗಾ ತಾಲ್ಲೂಕುಗಳ ಹಳ್ಳಿಗಳು ಕಲ್ಲುಮಣ್ಣಿನ ರಾಶಿಯಾದವು. ಸತ್ತವರ ಲೆಕ್ಕ 10,000ದ ಹತ್ತಿರ. ನಮ್ಮಲ್ಲಿ ಬಹಳ ಮಂದಿ ಆಗ ಹುಟ್ಟಿರಲಿಲ್ಲ. ಆದರೂ ಪ್ರತಿ ವರ್ಷ ಆ ದಿನ ಮೇಣದಬತ್ತಿ ಹಚ್ಚಿ, ಹೋದವರಿಗಾಗಿ ಪ್ರಾರ್ಥಿಸುತ್ತೇವೆ.

ಈ ಸಲ ಅದರ ತಯಾರಿಗೆ ಕೂತಾಗ ಬೀದರಿನ ಗೆಳೆಯನೊಬ್ಬನ ಸ್ಟೇಟಸ್ಸಿನಲ್ಲಿ ಒಂದು ಫೋಟೋ ಕಾಣಿಸಿತು. ಗಡ್ಡ, ನಗುವ ಕಣ್ಣು, ಕೆಳಗೆ 'ಶಂಕರಣ್ಣ, ಅಮರ' ಎಂದು ಕನ್ನಡದಲ್ಲಿ ಬರಹ. ಅದೇ ತಾರೀಖು, ಮೂರು ವರ್ಷ ಮೊದಲು: 1990ರ ಸೆಪ್ಟೆಂಬರ್ 30. ನಮ್ಮ ಸಂಘದ ಅರ್ಧಕ್ಕರ್ಧ ಮಂದಿಗೆ ಅದು ಯಾರೆಂದು ಗೊತ್ತಿರಲಿಲ್ಲ. ಉಳಿದರ್ಧಕ್ಕೆ ಗೊತ್ತಿದ್ದದ್ದು ಇಷ್ಟೇ: ಗಡಿ ದಾಟಿ ಕರ್ನಾಟಕದ ಪಟ್ಟಣಗಳಿಗೆ ಹೋದರೆ ಆಟೋಗಳ ಹಿಂದೆ ಕಾಣುವ ಮುಖ ಅದು. ಅಲ್ಲಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಕೊನೆಗೆ ನಮ್ಮ ಕ್ರಿಸ್ಮಸ್ ನಾಟಕದ ಜಗಳಕ್ಕೆ ಬಂದು ಮುಟ್ಟಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಜಗಳ ಹೊಸದಲ್ಲ. ನಾಟಕ ಯಾವ ಭಾಷೆಯಲ್ಲಿ? ಮನೆಯಲ್ಲಿ ನಾವು ಕನ್ನಡ ಆಡುತ್ತೇವೆ. ಶಾಲೆಯಲ್ಲಿ ಕಲಿತದ್ದು ಮರಾಠಿ. ಪರೀಕ್ಷೆ, ಕಚೇರಿ, ಬ್ಯಾಂಕು ಎಲ್ಲ ಮರಾಠಿ. ಸಂತೆಯಲ್ಲಿ ಎರಡೂ ಸೇರಿ, ನಡುವೆ ದಖನಿ ಬೇರೆ. 1956ಕ್ಕೆ ಮೊದಲು ಉದಗೀರ, ನಿಲಂಗಾ ಎರಡೂ ನಿಜಾಮರ ಕಾಲದ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯಗಳ ವಿಂಗಡಣೆಯಾದಾಗ ಗೆರೆ ಎಳೆದರು, ನಾವು ಈ ಕಡೆ ಉಳಿದೆವು, ಸೋದರಮಾವಂದಿರು ಆ ಕಡೆ ಉಳಿದರು. ಗಡಿ ಗಲಾಟೆ ಎದ್ದಾಗೆಲ್ಲ ಬಸ್ಸುಗಳಿಗೆ ಮಸಿ ಬೀಳುತ್ತದೆ, ಎರಡು ದಿನ ಬಸ್ಸು ನಿಲ್ಲುತ್ತದೆ, ಮದುವೆಗೆ ಹೊರಟವರು ಜೀಪು ಹಿಡಿಯುತ್ತಾರೆ. ಆಮೇಲೆ ಎಲ್ಲ ಮೊದಲಿನಂತೆ. ಆದರೆ ನಾಟಕ ಆಡುವಾಗ ಮಾತ್ರ ಈ ಗೆರೆ ನಮ್ಮ ಸಂಘದ ನಡುವೆಯೇ ಬಂದು ಕೂರುತ್ತದೆ. ಒಬ್ಬರು, 'ಕನ್ನಡದಾಗ ಮಾಡಿದ್ರ ಯಾರು ನೋಡ್ತಾರ?' ಅನ್ನುತ್ತಾರೆ. ಇನ್ನೊಬ್ಬರು, 'ಮರಾಠಿದಾಗ ಮಾಡಿದ್ರ ನಮ್ಮ ಆಯಿಗೆ ಏನು ತಿಳೀತದ?' ಅನ್ನುತ್ತಾರೆ.

ಇಂಥ ಹೊತ್ತಿನಲ್ಲಿ ಶಂಕರ್‌ನಾಗ್ ಅವರ ಬದುಕನ್ನು ಓದುತ್ತಾ ಹೋದೆವು. ಓದಿದಷ್ಟೂ ಇವರು ನಮ್ಮವರೇ ಅನ್ನಿಸತೊಡಗಿತು. ಊರು ನಮ್ಮದಲ್ಲ ಅನ್ನುವುದು ನಿಜ. ಉತ್ತರ ಕನ್ನಡದ ಹೊನ್ನಾವರದ ಕಡೆ, ಕಡಲ ತೀರದಲ್ಲಿ, 1954ರ ನವೆಂಬರ್ 9ರಂದು ಹುಟ್ಟಿದವರು. ಮನೆಮಾತು ಕೊಂಕಣಿ. ಹರೆಯದಲ್ಲಿ ಮುಂಬೈಗೆ ಹೋದರು. ಅಣ್ಣ ಅನಂತ್‌ನಾಗ್ ಕೂಡ ಅಲ್ಲಿಯ ರಂಗಭೂಮಿಯಲ್ಲೇ ಪಳಗಿದವರು. ತಮ್ಮ ಹೋಗಿ ಸೇರಿದ್ದು ಮರಾಠಿ ನಾಟಕಗಳ ಗುಂಪನ್ನು. ಮುಂದೆ ಮದುವೆಯಾದ ಅರುಂಧತಿಯವರನ್ನು ಕಂಡದ್ದೂ ಅದೇ ನಾಟಕದವರ ನಡುವೆ. ಅರುಂಧತಿಯವರು ಆಗ ಮರಾಠಿ, ಗುಜರಾತಿ, ಹಿಂದಿ ನಾಟಕಗಳಲ್ಲಿ ಅಭಿನಯಿಸುತ್ತಿದ್ದರು. ಕನ್ನಡವನ್ನು ಆಮೇಲೆ ಕಲಿತರು.

ಅಂದರೆ ಕನ್ನಡಿಗರು ತಲೆಯ ಮೇಲೆ ಹೊತ್ತುಕೊಂಡ ಈ ನಟ ಮನೆಯಲ್ಲಿ ಕೊಂಕಣಿ ಆಡಿ, ಮರಾಠಿಯಲ್ಲಿ ರಂಗದ ಪಾಠ ಕಲಿತು, ಆಮೇಲೆ ಕನ್ನಡ ಪರದೆಗೆ ಬಂದವರು. 1979ರಲ್ಲಿ ಬಂದ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವರ ಕೈಯೂ ಇದೆ. ಪ್ಲೇಗಿನ ಕಾಲದ ಪುಣೆಯಲ್ಲಿ ಚಾಪೇಕರ್ ಸಹೋದರರು ರ್‍ಯಾಂಡ್ ಎಂಬ ಇಂಗ್ಲಿಷ್ ಅಧಿಕಾರಿಯ ಮೇಲೆ ಗುಂಡು ಹಾರಿಸಿದ ಕಥೆ ಅದು. ಶಾಲೆಯ ಇತಿಹಾಸದ ಪುಸ್ತಕದಲ್ಲಿ ನಾವು ಮರಾಠಿಯಲ್ಲಿ ಓದಿದ್ದೇವಲ್ಲ, ಅದೇ. ಅದರ ಬರಹಗಾರರಲ್ಲಿ ಒಬ್ಬರು ಕನ್ನಡದ ಆಟೋರಾಜ ಎಂದು ಯಾವ ಮಾಸ್ತರೂ ನಮಗೆ ಹೇಳಿರಲಿಲ್ಲ!

ಕನ್ನಡಕ್ಕೆ ಅವರನ್ನು ತಂದದ್ದು ಗಿರೀಶ್ ಕಾರ್ನಾಡ್. ಅವರದೂ ಇಂಥದೇ ಕಥೆ: ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ, ಮನೆಮಾತು ಕೊಂಕಣಿ, ನಾಟಕ ಬರೆದದ್ದು ಕನ್ನಡದಲ್ಲಿ. 1978ರಲ್ಲಿ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರ ಮಾಡಿದಾಗ, ಸಂಬಳಕ್ಕೆ ಯುದ್ಧ ಮಾಡುವ ಗಂಡುಗಲಿಯ ಪಾತ್ರವನ್ನು ಶಂಕರ್‌ನಾಗ್ ಅವರಿಗೆ ಕೊಟ್ಟರು. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಾವು ಅದನ್ನು ಯೂಟ್ಯೂಬಿನಲ್ಲಿ ನೋಡಿದೆವು. ಶಬ್ದ ಸರಿಯಾಗಿ ಕೇಳುವುದಿಲ್ಲ. ಆದರೂ ಆ ಮನುಷ್ಯ ನಡೆಯುವ ರೀತಿ, ಕತ್ತಿ ಹಿಡಿದು ಸುಮ್ಮನೆ ನಿಲ್ಲುವ ರೀತಿ ಕಣ್ಣಿಗೆ ಕಟ್ಟುತ್ತದೆ.

ಪ್ರಶಸ್ತಿ ಬಂದವರು ಮುಂಬೈಗೆ ಹೋಗಬಹುದಿತ್ತು. ಹೋಗಲಿಲ್ಲ. ಬೆಂಗಳೂರಿನಲ್ಲಿ ನೆಲೆ ನಿಂತು, ಉಳಿದ 12 ವರ್ಷಗಳಲ್ಲಿ ಸುಮಾರು 90 ಕನ್ನಡ ಚಿತ್ರಗಳಲ್ಲಿ ನಟಿಸಿದರು. ವರ್ಷಕ್ಕೆ ಏಳೆಂಟು! 1980ರ 'ಆಟೋ ರಾಜ'ದಿಂದ ಆಟೋ ಓಡಿಸುವ ಮಂದಿ ಅವರನ್ನು ತಮ್ಮವನೆಂದು ಎದೆಗೆ ಅಪ್ಪಿಕೊಂಡರು, ಇನ್ನೂ ಬಿಟ್ಟಿಲ್ಲ. ಅದೇ ವರ್ಷ ಅಣ್ಣನ ಜೊತೆ ಸೇರಿ 'ಮಿಂಚಿನ ಓಟ'ವನ್ನು ತಾವೇ ನಿರ್ದೇಶಿಸಿದರು. ಆಮೇಲೆ 'ಗೀತಾ', 'ಆಕ್ಸಿಡೆಂಟ್'. ಡಾ. ರಾಜ್‌ಕುಮಾರ್ ಅವರನ್ನು ಇಟ್ಟುಕೊಂಡು 'ಒಂದು ಮುತ್ತಿನ ಕಥೆ'.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ 90ರಲ್ಲಿ ಎಲ್ಲವೂ ಒಳ್ಳೆಯ ಚಿತ್ರಗಳಲ್ಲ. ಒಂದು ಭಾನುವಾರ ಮಧ್ಯಾಹ್ನ ನಾವು ಒಟ್ಟಿಗೆ ಕೂತು ನೋಡಿದ ಒಂದು ಹೊಡೆದಾಟದ ಚಿತ್ರದಲ್ಲಿ, ನಗಬಾರದ ಕಡೆ ಎಲ್ಲರೂ ನಕ್ಕೆವು. ಹಾಡು, ಫೈಟು, ಕಳೆದುಹೋದ ತಮ್ಮ, ಸಿಕ್ಕ ತಾಯಿ. ಇಂಥ ಚಿತ್ರಗಳಲ್ಲಿ ದುಡಿದ ಹಣವನ್ನು ಅವರು ನಾಟಕಕ್ಕೂ, ಕನ್ನಡ ಚಿತ್ರರಂಗಕ್ಕೆ ಬೇಕಾದ ಕೆಲಸಗಳಿಗೂ ಸುರಿದರು ಎಂದು ಅವರನ್ನು ಬಲ್ಲವರು ಹೇಳುತ್ತಾ ಬಂದಿದ್ದಾರೆ. ಬೆಂಗಳೂರಿನಲ್ಲಿ 'ಸಂಕೇತ್' ಎಂಬ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದ್ದು ಅವರೇ.

ನಮಗೆ ಹೆಚ್ಚು ಹಿಡಿಸಿದ್ದು 'ಆಕ್ಸಿಡೆಂಟ್'. ದೊಡ್ಡ ಮನುಷ್ಯರ ಮಗ ನಶೆಯಲ್ಲಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ಹರಿಸುತ್ತಾನೆ. ತಪ್ಪನ್ನು ಮುಚ್ಚಿಹಾಕಲು ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದೇ ಕಥೆ. ರಾಷ್ಟ್ರ ಪ್ರಶಸ್ತಿ ಪಡೆದ ಚಿತ್ರ. ನಮ್ಮ ಊರುಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗಿ, ಕಟ್ಟುತ್ತಿರುವ ಬಿಲ್ಡಿಂಗಿನ ಕೆಳಗೆ ಮಲಗುವವರ ಮನೆಯಲ್ಲಿ ಕೂತು ಅದನ್ನು ನೋಡುವುದು ಸುಲಭವಲ್ಲ. ನೋಡಿ ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮಂಥವರಿಗೆ ಕುತೂಹಲದ ಇನ್ನೊಂದು ಸಂಗತಿ 'ಎಸ್.ಪಿ. ಸಾಂಗ್ಲಿಯಾನ'. 1988ರಲ್ಲಿ ಬಂದ ಈ ಚಿತ್ರದ ಹೆಸರು ನಿಜವಾದ ಪೊಲೀಸ್ ಅಧಿಕಾರಿಯೊಬ್ಬರದು. ಎಚ್.ಟಿ. ಸಾಂಗ್ಲಿಯಾನ ದೂರದ ಮಿಜೋರಾಮಿನ ಕ್ರೈಸ್ತರು. ಕರ್ನಾಟಕದಲ್ಲಿ ಪೊಲೀಸ್ ಕೆಲಸ ಮಾಡಿ ಜನರ ಪ್ರೀತಿ ಗಳಿಸಿದವರು, ಮುಂದೆ 2004ರಲ್ಲಿ ಬೆಂಗಳೂರು ಉತ್ತರದಿಂದ ಸಂಸದರೂ ಆದರು. ಕೊಂಕಣಿ ಮನೆಯ ನಟ, ಮಿಜೋ ಮನೆಯ ಅಧಿಕಾರಿಯ ಹೆಸರು ಹೊತ್ತು, ಕನ್ನಡದಲ್ಲಿ ಅಬ್ಬರಿಸಿದರೆ ಹಳ್ಳಿಹಳ್ಳಿಯ ಟೆಂಟುಗಳಲ್ಲಿ ಸಿಳ್ಳೆ! ಭಾಷೆ ಯಾರ ಸ್ವತ್ತು ಎಂದು ಆಗ ಯಾರೂ ಕೇಳಲಿಲ್ಲ.

ಈಗ ಟಿವಿಯ ಮಾತು. ಇದು ನಮ್ಮ ಮನೆಗಳಿಗೆ ನೇರವಾಗಿ ಸೇರಿದ್ದು.

ಶಂಕರ್‌ನಾಗ್ ಯಾರೆಂದು ನಾವು ಮನೆಯಲ್ಲಿ ಕೇಳಿದಾಗ ಹಿರಿಯರು ಮೊದಲು 'ಗೊತ್ತಿಲ್ಲ' ಅಂದರು. 'ಮಾಲ್ಗುಡಿ ಡೇಸ್' ಅಂದ ಕೂಡಲೇ ಮುಖ ಅರಳಿತು. ದೂರದರ್ಶನದಲ್ಲಿ 1986ರಿಂದ ಬಂದ ಧಾರಾವಾಹಿ. ಆಗ ಓಣಿಗೆ ಒಂದೋ ಎರಡೋ ಟಿವಿ, ಅದೂ ಕಪ್ಪು ಬಿಳುಪು. ನಮ್ಮೊಬ್ಬರ ಅವ್ವ ಅಡಿಗೆ ಮನೆಯಿಂದಲೇ ಆ ರಾಗವನ್ನು ಗುನುಗಿ ತೋರಿಸಿದರು, ಒಂದು ಸ್ವರವೂ ತಪ್ಪಲಿಲ್ಲ. ಎಲ್. ವೈದ್ಯನಾಥನ್ ಅವರ ಸಂಗೀತ ಅದು. ಆರ್.ಕೆ. ನಾರಾಯಣ್ ಅವರ ಕಥೆ, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ಚಿತ್ರ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮೊದಲ 39 ಕಂತುಗಳ ನಿರ್ದೇಶನ ಶಂಕರ್‌ನಾಗ್ ಅವರದು. ಮಾಲ್ಗುಡಿ ಎಂಬ ಊರು ಭೂಪಟದಲ್ಲಿಲ್ಲ. ಟಿವಿಯಲ್ಲಿ ಕಂಡದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆ. ರೈಲು ನಿಲ್ದಾಣ ಅದೇ ಜಿಲ್ಲೆಯ ಅರಸಾಳಿನದು.

ಆದರೆ ಧಾರಾವಾಹಿ ಹಿಂದಿಯಲ್ಲಿತ್ತು. ಹಾಗಾಗಿ ನಮ್ಮ ಅವ್ವ, ಅಪ್ಪ, ಕಾಕಾ ಎಲ್ಲರೂ ಕನ್ನಡದ ಊರನ್ನು, ಕನ್ನಡದ ಮಂದಿಯನ್ನು ಹಿಂದಿಯಲ್ಲಿ ನೋಡಿದರು. ಮಾಡಿದವರು ಕನ್ನಡಿಗರು ಎಂದು ತಿಳಿಯದೆಯೇ ಇಷ್ಟಪಟ್ಟರು. 'ಆ ಮನಿ ಕಟ್ಟಿ, ಆ ಕಂಬ, ಅಜ್ಜಿ ಕಥಿ ಹೇಳೋದು, ನಮ್ಮಂಗೇ ಇತ್ತಲ್ಲ ಅನ್ನಸ್ತಿತ್ತು. ಯಾಕಂತ ಈಗ ತಿಳೀತು' ಅಂದರು ಅವ್ವ.

ಇನ್ನು ನಮ್ಮ ಜಗಳಕ್ಕೆ ಬರೋಣ. ಶಂಕರ್‌ನಾಗ್ ಅವರ ನಾಟಕ ತಂಡದ ಹೆಸರೂ 'ಸಂಕೇತ್'. ಸಿನಿಮಾದ ಗಡಿಬಿಡಿಯ ನಡುವೆಯೂ ಅವರು ನಾಟಕ ಬಿಟ್ಟವರಲ್ಲ. ತಂಡ ಆಡಿದ ನಾಟಕಗಳಲ್ಲಿ ಕಾರ್ನಾಡರ 'ಅಂಜುಮಲ್ಲಿಗೆ' ಒಂದು. ಇನ್ನೆರಡು 'ಬ್ಯಾರಿಸ್ಟರ್' ಮತ್ತು 'ಸಂಧ್ಯಾಛಾಯಾ'. ಈ ಎರಡರ ಮೂಲ ಮರಾಠಿ, ಬರೆದವರು ಜಯವಂತ ದಳವಿ. ಮುಂಬೈಯ ರಂಗದಲ್ಲಿ ಬೆಳೆದವರು ಅಲ್ಲಿಯದನ್ನು ಬುತ್ತಿಯಂತೆ ಕಟ್ಟಿಕೊಂಡು ಬಂದು, ಬೆಂಗಳೂರಿನವರಿಗೆ ಕನ್ನಡದಲ್ಲಿ ಬಡಿಸಿದರು. ಹಿಂದೆ ನೋಡಿದರೆ ಬುತ್ತಿ ಆ ಕಡೆಯಿಂದ ಈ ಕಡೆಗೆ ಮಾತ್ರ ಬಂದದ್ದೂ ಅಲ್ಲ. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಯ ಅರಮನೆಯಲ್ಲಿ ಆಟ ಆಡಿ ಹೋದ ಮೇಲೆಯೇ, ಅಂಥದ್ದು ನಮ್ಮ ಭಾಷೆಯಲ್ಲೂ ಬೇಕೆಂದು ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು. ಮರಾಠಿ ರಂಗಭೂಮಿ ತನ್ನ ಹುಟ್ಟುಹಬ್ಬವನ್ನು ಎಣಿಸುವುದು ಆ ನವೆಂಬರ್ 5ರಿಂದ. ಅದೇ ಉತ್ತರ ಕನ್ನಡದ ಹುಡುಗ ಮುಂಬೈಗೆ ಹೋಗಿ ಮರಾಠಿ ನಾಟಕ ಕಲಿತು ಹಿಂದಿರುಗಿದ. ಲೆಕ್ಕ ಹಾಕುವವರು ಯಾರು, ಯಾರ ಸಾಲ ಯಾರ ಮೇಲೆ ಎಂದು?

'ಸಂಧ್ಯಾಛಾಯಾ'ದ ಕಥೆ ವಯಸ್ಸಾದ ಗಂಡ ಹೆಂಡಿರದು. ಮಕ್ಕಳು ದೂರ ಹೋಗಿದ್ದಾರೆ, ಮನೆಯಲ್ಲಿ ಇಬ್ಬರೇ, ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದಾರೆ. ಇದನ್ನು ಹೇಳಿದಾಗ ನಮ್ಮಲ್ಲೊಬ್ಬಳು ಮೆಲ್ಲಗೆ ಅಂದಳು, 'ಇದು ನಮ್ಮ ಓಣಿ ಅಲ್ಲೇನು?' ಹೌದು. ಪ್ರಾರ್ಥನೆಗೆ ಬರುವ ಹಿರಿಯರನ್ನು ಎಣಿಸಿ ನೋಡಿದೆವು. ಹೆಚ್ಚಿನವರ ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ. ನಮ್ಮ ಸಂಘದಲ್ಲೇ ಮೂರು ವರ್ಷದ ಹಿಂದೆ ಇದ್ದವರಲ್ಲಿ ಅರ್ಧ ಮಂದಿ ಈಗ ಊರಲ್ಲಿಲ್ಲ. ಮೊಮ್ಮಕ್ಕಳು ಫೋನಿನಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಾರೆ. ಆಯಿ 'ಊಟ ಆತೇನವ್ವಾ' ಎಂದು ಕನ್ನಡದಲ್ಲಿ ಕೇಳುತ್ತಾಳೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬರುವುದಿಲ್ಲ.

ಅಲ್ಲಿಗೆ ನಾಟಕದ ವಸ್ತು ಸಿಕ್ಕಿತು. ದಳವಿಯವರದನ್ನೇ ಆಡುವುದಿಲ್ಲ, ನಮ್ಮದನ್ನೇ ಬರೆಯುತ್ತಿದ್ದೇವೆ. ಗಡಿ ಊರಿನ ಮುತ್ಯಾ, ಆಯಿ, ಕ್ರಿಸ್ಮಸ್ಸಿಗೆ ಬರುತ್ತೇವೆಂದು ಹೇಳಿದ ಮಗ, ಬಸ್ಸು ನಿಂತ ದಿನ. ಮುತ್ಯಾ ಮತ್ತು ಆಯಿ ಕನ್ನಡ ಆಡುತ್ತಾರೆ, ಮಗನ ಮನೆಯವರು ಮರಾಠಿ, ಮಗ ನಡುವೆ ಎರಡನ್ನೂ. ಭಾಷೆಯ ಜಗಳ ಹೀಗೆ ತೀರಿತು ಎಂದಲ್ಲ, ರಂಗದ ಮೇಲಕ್ಕೆ ಹತ್ತಿತು ಅಷ್ಟೇ. ಕನ್ನಡ ಅಕ್ಷರ ಬರದವರಿಗೆ ಕನ್ನಡದ ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಕೊಟ್ಟಿದ್ದೇವೆ. ಹಿರಿಯರೊಬ್ಬರು ಆ ಹಾಳೆ ನೋಡಿ, 'ಇದು ಎಂಥ ಕನ್ನಡ? ಇದನ್ನ ಓದಿದ್ರ ನಾಲಿಗಿ ತೊಡರ್ತದ' ಎಂದು ಗದರಿದರು. ಗದರಿದವರೇ ಆಮೇಲೆ ಕೂತು ಹ್ರಸ್ವ-ದೀರ್ಘದ ತಪ್ಪುಗಳನ್ನು ಒಂದೊಂದಾಗಿ ತಿದ್ದಿಕೊಟ್ಟರು. ದೇವನಾಗರಿಯಲ್ಲಿ ನಮ್ಮ ಎ-ಏ, ಒ-ಓಗಳಿಗೆ ಬೇರೆ ಬೇರೆ ಗುರುತಿಲ್ಲ, ಅದೇ ತೊಂದರೆ. ಅವರು ಪೆನ್ಸಿಲಿನಿಂದ ಮೇಲೊಂದು ಗೆರೆ ಹಾಕಿ ಉಪಾಯ ಮಾಡಿದ್ದಾರೆ.

ಶಂಕರ್‌ನಾಗ್ ಹೋದದ್ದು ದಾವಣಗೆರೆಯ ಹತ್ತಿರದ ಆನಗೋಡಿನಲ್ಲಿ, ನಸುಕಿನ ರಸ್ತೆ ಅಪಘಾತದಲ್ಲಿ. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಹೊರಟಿದ್ದರು. ಆಗ ಅವರಿಗೆ 35 ವರ್ಷ, 36 ತುಂಬಲು ಇನ್ನೂ ಒಂದು ತಿಂಗಳ ಮೇಲಿತ್ತು. ಕಾರಿನಲ್ಲಿದ್ದ ಅರುಂಧತಿಯವರು ಗಾಯಗೊಂಡು ಉಳಿದರು. ಹಲವು ವರ್ಷ ಓಡಾಡಿ, ಹಣ ಕೂಡಿಸಿ, 2004ರಲ್ಲಿ ಬೆಂಗಳೂರಿನಲ್ಲಿ 'ರಂಗಶಂಕರ' ಎಂಬ ನಾಟಕಮಂದಿರ ತೆರೆದರು. ಅಲ್ಲಿ ಕನ್ನಡದ ಜೊತೆ ಬೇರೆ ಭಾಷೆಗಳ ನಾಟಕಗಳೂ ನಡೆಯುತ್ತವೆ. ಒಮ್ಮೆ ಹೋಗಿ ಬರಬೇಕೆಂದು ಎಲ್ಲರಿಗೂ ಇದೆ, ಉದಗೀರದಿಂದ ರೈಲು ಹಿಡಿದು. ಖರ್ಚಿನ ಮಾತು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ತಾಲೀಮು ಶನಿವಾರ ಸಂಜೆ 6ಕ್ಕೆ. ಮುತ್ಯಾನ ಪಾತ್ರಕ್ಕೆ ಹುಡುಗ ಸಿಕ್ಕಿದ್ದಾನೆ. ಮಗನ ಪಾತ್ರಕ್ಕೆ ಇಬ್ಬರು ಪೈಪೋಟಿ ನಡೆಸಿದ್ದಾರೆ. ಆಯಿಯ ಪಾತ್ರಕ್ಕೆ ಇನ್ನೂ ಯಾರೂ ಒಪ್ಪಿಲ್ಲ. ಕೂದಲಿಗೆ ಬಿಳಿ ಬಣ್ಣ ಹಚ್ಚಿಕೊಳ್ಳಲು ಹುಡುಗಿಯರಿಗೆ ಮನಸ್ಸಿಲ್ಲವಂತೆ. ಕನ್ನಡ ಚೆನ್ನಾಗಿ ಆಡಬಲ್ಲವರು, ಓದಲು ಬರದಿದ್ದರೂ ನಡೆದೀತು, ದಯವಿಟ್ಟು ಬನ್ನಿ.